ಗದ್ದಲದ ನಡುವಿನ ಸುಳಿವು

ರಕ್ಷಣಾನೀತಿ, ಯುದ್ಧತಂತ್ರ ಎಂದೊಡನೆ ಸಾಹಿತ್ಯದ ಓದುಗರಾದ ನಾವು ಪುಟ ಮಗುಚಿಬಿಡುವುದುಂಟು. ಅದು ಸೇನಾನಿಗಳಿಗೂ ಮಂತ್ರಿಗಳಿಗೂ ಸೇರಿದ ವಿಷಯವೆಂಬ ಭಾವನೆ ನಮ್ಮದು. ನಾನೂ ಹಾಗೆಯೇ ಇದ್ದವನು. ಆದರೆ ಆ ಕ್ಷೇತ್ರದ ಒಂದು ಗ್ರಂಥ ನಮ್ಮದೇ ಪ್ರಶ್ನೆಯೊಂದನ್ನು ಎತ್ತಿಕೊಂಡಿದೆ: ಕೈಯಲ್ಲಿರುವ ಬರಹವನ್ನು ಸರಿಯಾಗಿ ಓದುವುದು ಏಕೆ ಇಷ್ಟು ಕಷ್ಟ? ಅಮೆರಿಕದ ಸಂಶೋಧಕಿ ರಾಬರ್ಟಾ ವೋಲ್‌ಸ್ಟೆಟರ್ ಅವರ ‘ಪರ್ಲ್ ಹಾರ್ಬರ್: ವಾರ್ನಿಂಗ್ ಅಂಡ್ ಡಿಸಿಷನ್’ ಎಂಬ ಆ ಗ್ರಂಥ 1962ರಲ್ಲಿ ಪ್ರಕಟವಾಯಿತು, ಮರುವರ್ಷ ಇತಿಹಾಸಗ್ರಂಥಗಳಿಗೆ ಸಲ್ಲುವ ಬ್ಯಾಂಕ್ರಾಫ್ಟ್ ಬಹುಮಾನವನ್ನು ಪಡೆಯಿತು.

1941ರ ಡಿಸೆಂಬರ್ 7, ಭಾನುವಾರ. ಬೆಳಗಿನ ಎಂಟು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದಾಗ ಜಪಾನಿನ ವಿಮಾನಗಳು ಹವಾಯಿ ದ್ವೀಪಗಳ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಎರಗಿದವು. ಆ ದಾಳಿಯಲ್ಲಿ 2,400ಕ್ಕೂ ಹೆಚ್ಚು ಅಮೆರಿಕನ್ನರು ಮಡಿದರು. ಸೋಜಿಗವೆಂದರೆ, ಜಪಾನಿನ ರಾಜತಾಂತ್ರಿಕ ಗುಪ್ತಲಿಪಿಯನ್ನು ಅಮೆರಿಕ ಅದಕ್ಕೆ ಮೊದಲೇ ಭೇದಿಸಿತ್ತು. ಟೋಕಿಯೋದಿಂದ ಹೊರಟ ಸಂದೇಶಗಳನ್ನು ವಾಷಿಂಗ್ಟನ್ನಿನಲ್ಲಿ ಕುಳಿತು ಓದುತ್ತಿದ್ದರು. ಹೀಗಿದ್ದೂ ಮೋಸಹೋದದ್ದು ಹೇಗೆ? ಅಧಿಕಾರಿಗಳು ನಿದ್ರಿಸುತ್ತಿದ್ದರೆಂದು ಕೆಲವರು ಹೇಳಿದರು. ಅಧ್ಯಕ್ಷ ರೂಸ್‌ವೆಲ್ಟರಿಗೆ ಎಲ್ಲ ತಿಳಿದಿತ್ತು, ಬೇಕೆಂದೇ ಸುಮ್ಮನಿದ್ದರು ಎಂದು ಮತ್ತೆ ಕೆಲವರು ಹೇಳಿದರು.

ರಾಬರ್ಟಾ ಅವರ ತಂದೆ ಎಡ್ಮಂಡ್ ಮಾರ್ಗನ್ ಹಾರ್ವರ್ಡಿನಲ್ಲಿ ಕಾನೂನಿನ ಪ್ರಾಧ್ಯಾಪಕರು, ಸಾಕ್ಷ್ಯಶಾಸ್ತ್ರದಲ್ಲಿ ಹೆಸರಾದವರು. ಸಾಕ್ಷ್ಯವನ್ನು ತೂಗಿನೋಡುವ ಗುಣ ಮಗಳಲ್ಲಿಯೂ ಇದ್ದಿತು. ರ್‍ಯಾಂಡ್ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಆಕೆ, ಅಮೆರಿಕದ ಸಂಸತ್ತು 1945-46ರಲ್ಲಿ ನಡೆಸಿದ ವಿಚಾರಣೆಯ 39 ಸಂಪುಟಗಳನ್ನು ಹಿಡಿದು ಕುಳಿತರು. ಯಾವ ದಿನ ಯಾವ ಕಾಗದ ಯಾರ ಮೇಜಿನ ಮೇಲಿತ್ತು, ಅದರೊಡನೆ ಬೇರೆ ಯಾವ ಕಾಗದಗಳಿದ್ದವು ಎಂದು ನೋಡುತ್ತ ಹೋದರು.

ಆಕೆ ಕಂಡ ಉತ್ತರವನ್ನು ರೇಡಿಯೋ ಕೇಳುವವರು ಸುಲಭವಾಗಿ ಗ್ರಹಿಸಬಹುದು. ಮುಳ್ಳನ್ನು ತಿರುಗಿಸುವಾಗ ಗೊರಗೊರ ಸದ್ದಿನ ನಡುವೆ ನಿಲಯದ ದನಿ ಎಲ್ಲಿಯೋ ಇರುತ್ತದೆ. ದನಿ ಇಲ್ಲವೆಂದಲ್ಲ, ಸದ್ದು ಅದನ್ನು ಮುಚ್ಚಿರುತ್ತದೆ. ಎಂಜಿನಿಯರುಗಳು ಇವನ್ನು ಸಿಗ್ನಲ್ ಮತ್ತು ನಾಯ್ಸ್ ಎನ್ನುತ್ತಾರೆ. ಸುಳಿವು ಮತ್ತು ಗದ್ದಲ ಎನ್ನೋಣ. 1941ರಲ್ಲಿ ಸುಳಿವುಗಳಿಗೆ ಬರವಿರಲಿಲ್ಲ, ಗದ್ದಲ ವಿಪರೀತವಾಗಿತ್ತು ಎಂಬುದೇ ಆಕೆಯ ವಾದ.

ಸೆಪ್ಟೆಂಬರ್ 24ರಂದು ಟೋಕಿಯೋ ಹೊನೊಲುಲುವಿನ ತನ್ನ ಕಾನ್ಸಲನಿಗೆ, ಬಂದರಿನ ನೀರನ್ನು ಐದು ಭಾಗವಾಗಿ ವಿಂಗಡಿಸಿ ಹಡಗುಗಳು ಎಲ್ಲೆಲ್ಲಿವೆ ಎಂದು ತಿಳಿಸಲು ಹೇಳಿತು. ಇಂದು ಓದಿದರೆ ಅದು ಬಾಂಬು ಹಾಕಲು ಬರೆದ ನಕ್ಷೆ. ಆದರೆ ಪನಾಮಾ, ಮನಿಲಾ ಮೊದಲಾದ ಕಡೆಗಳಿಂದಲೂ ಜಪಾನು ಹಡಗುಗಳ ಸುದ್ದಿ ತರಿಸಿಕೊಳ್ಳುತ್ತಲೇ ಇತ್ತು. ನವೆಂಬರ್ 27ರಂದು ವಾಷಿಂಗ್ಟನ್ನಿನಿಂದ ಯುದ್ಧದ ಎಚ್ಚರಿಕೆಯೇ ಹೋಯಿತು. ನೌಕಾಪಡೆಗೆ ಹೋದ ಸಂದೇಶದಲ್ಲಿ ಹೆಸರಿಸಿದ್ದು ಫಿಲಿಪೀನ್ಸ್, ಥೈಲೆಂಡುಗಳ ಕಡೆಯನ್ನು. ಹವಾಯಿಯ ಸೇನಾಧಿಪತಿ ಜನರಲ್ ಷಾರ್ಟ್ ಒಳಗಿನ ವಿಧ್ವಂಸಕರಿಗೆ ಹೆದರಿ, ಕಾವಲಿಗೆ ಅನುಕೂಲವೆಂದು ವಿಮಾನಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ಮೇಲಿಂದ ಬಂದವರಿಗೆ ಅದು ಇನ್ನೂ ಅನುಕೂಲವಾಯಿತು. ದಾಳಿಯ ದಿನ ಏಳು ಗಂಟೆಯ ವೇಳೆಗೆ ಇಬ್ಬರು ಸೈನಿಕರು ರೇಡಾರಿನಲ್ಲಿ ದೊಡ್ಡ ವಿಮಾನಸಮೂಹವನ್ನು ಕಂಡು ವರದಿಮಾಡಿದರು. ಚಿಂತೆ ಬೇಡವೆಂದು ಅಧಿಕಾರಿ ಹೇಳಿದ. ಕ್ಯಾಲಿಫೋರ್ನಿಯಾದಿಂದ ತಮ್ಮದೇ ವಿಮಾನಗಳು ಆ ಬೆಳಗ್ಗೆ ಬರಬೇಕಾಗಿದ್ದವು. ನಿಜವಾಗಿ ಬಂದವು ಕೂಡ.

ಇದನ್ನು ಓದುವಾಗ ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದ ದಿನಗಳು ನನ್ನ ನೆನಪಿಗೆ ಬಂದವು. ಮುದ್ರಿತ ಕಾವ್ಯದಲ್ಲಿ ಸ್ವೀಕೃತ ಪಾಠ ಮೇಲೆ ನಿಂತಿರುತ್ತದೆ, ಪಾಠಾಂತರಗಳು ಅಡಿಟಿಪ್ಪಣಿಗೆ ಇಳಿದಿರುತ್ತವೆ. ಇದನ್ನು ಬಿಟ್ಟು ಬೇರೆಯದನ್ನು ಯಾರು ತಾನೆ ಒಪ್ಪಿಯಾರು ಎಂದು ವಿದ್ಯಾರ್ಥಿಗೆ ಅನಿಸುತ್ತದೆ. ಓಲೆಗರಿಗಳ ಎದುರು ಕುಳಿತ ಸಂಪಾದಕನಿಗೆ ಹಾಗಿರಲಿಲ್ಲ; ಅವನಿಗೆ ಎಲ್ಲ ಪಾಠಗಳೂ ಒಂದೇ ಸಾಲಿನಲ್ಲಿದ್ದವು. ಘಟನೆ ನಡೆದುಹೋದ ಮೇಲೆ ಇತಿಹಾಸವೂ ಮುದ್ರಿತ ಗ್ರಂಥದಂತಾಗುತ್ತದೆ.

ಇಲ್ಲಿ ಮನುಷ್ಯರ ಮಾನದ ಪ್ರಶ್ನೆಯೂ ಇದೆ. ದಾಳಿಯ ಬೆನ್ನಿಗೇ ಅಡ್ಮಿರಲ್ ಕಿಮ್ಮೆಲ್ ಮತ್ತು ಜನರಲ್ ಷಾರ್ಟ್ ಅಧಿಕಾರ ಕಳೆದುಕೊಂಡರು, ಕೆಳಗಿನ ದರ್ಜೆಯಲ್ಲಿ ನಿವೃತ್ತರಾದರು. ಅವರ ದರ್ಜೆಯನ್ನು ಮರಳಿ ಕೊಡಬೇಕೆಂದು ಅಮೆರಿಕದ ಸೆನೆಟ್ 1999ರಲ್ಲಿ ಶಿಫಾರಸು ಮಾಡುವ ಹೊತ್ತಿಗೆ ಇಬ್ಬರೂ ತೀರಿಕೊಂಡು ದಶಕಗಳೇ ಕಳೆದಿದ್ದವು. ರಾಬರ್ಟಾ ಎಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟುಬಿಡುವುದಿಲ್ಲ. ದೂರದ ಕಾವಲನ್ನು ನೌಕಾಪಡೆ ನೋಡಿಕೊಳ್ಳುತ್ತಿದೆಯೆಂದು ಸೇನೆಯೂ, ಸೇನೆ ಪೂರ್ಣ ಸನ್ನದ್ಧವಾಗಿದೆಯೆಂದು ನೌಕಾಪಡೆಯೂ ಭಾವಿಸಿದ್ದನ್ನು ಆಕೆ ಬಿಚ್ಚಿ ತೋರಿಸುತ್ತಾರೆ. ಗುಟ್ಟು ಹೊರಬೀಳಬಾರದೆಂಬ ಕಟ್ಟೆಚ್ಚರವೇ ಗುಪ್ತಸಂದೇಶಗಳನ್ನು ಒಟ್ಟಿಗಿಟ್ಟು ನೋಡುವುದಕ್ಕೆ ಅಡ್ಡಿಯಾದದ್ದನ್ನೂ ತೋರಿಸುತ್ತಾರೆ. ತಪ್ಪು ಹೆಚ್ಚಾಗಿ ಏರ್ಪಾಟಿನಲ್ಲಿತ್ತು. ಶಿಕ್ಷೆ ಇಬ್ಬರ ಪಾಲಿಗೆ ಬಂದಿತು.

ಈ ಪ್ರಶ್ನೆ ನಮಗೂ ದೂರದ್ದಲ್ಲ. 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯೂ ಇದನ್ನೇ ಎದುರಿಸಿತು. ಬಿಡಿ ಮಾಹಿತಿಗಳನ್ನು ಒಟ್ಟುಗೂಡಿಸಿ ತೂಗಿನೋಡುವ ವ್ಯವಸ್ಥೆಯಲ್ಲಿನ ಕೊರತೆಗಳನ್ನು ಅದು ಎತ್ತಿ ತೋರಿಸಿತು.

ಗದ್ದಲವಿತ್ತೆಂಬುದು ಸೋಮಾರಿಗೂ ನೆಪವಾಗಬಹುದಲ್ಲ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ರಾಬರ್ಟಾ ಅವರ ಕೊನೆಯ ಮಾತು ನೆಪಕ್ಕೆ ಎಡೆಗೊಡುವುದಿಲ್ಲ. ಸ್ಪಷ್ಟವಾದ ಎಚ್ಚರಿಕೆ ಎಂದೂ ಬರುವುದಿಲ್ಲವೆಂದು ತಿಳಿದೇ ರಕ್ಷಣೆಯನ್ನು ಕಟ್ಟಬೇಕು ಎಂಬುದು ಅದರ ಸಾರ. ಮುಂದೆ ಎಂದಾದರೂ ಅನಾಹುತವೊಂದು ನಡೆದು, ತಪ್ಪಿತಸ್ಥ ಯಾರೆಂದು ನಾವು ಪತ್ರಿಕೆಯನ್ನು ಹಿಡಿದು ಹುಡುಕುವಾಗ, ಆಕೆ ಕೇಳಿದ ಪ್ರಶ್ನೆಯನ್ನು ಮೊದಲು ಕೇಳೋಣ: ಆ ಕಾಗದ ಆ ದಿನ ಯಾರ ಮೇಜಿನ ಮೇಲಿತ್ತು, ಅದರೊಡನೆ ಬೇರೆ ಏನೇನಿತ್ತು?