ಹಂದಿಗೆ ಹುಲ್ಲಿನ ಗಿಣ್ಣು

ಡೆನ್ಮಾರ್ಕ್‌ನಲ್ಲಿ ಜನ ಸುಮಾರು 60 ಲಕ್ಷ. ಹಂದಿಗಳು ಹತ್ತಿರ ಹತ್ತಿರ ಅದರ ದುಪ್ಪಟ್ಟು! ಅವಕ್ಕೆ ಹಾಕೋ ಸೋಯಾ ಹಿಂಡಿ ಬಹುಪಾಲು ಬರೋದು ದಕ್ಷಿಣ ಅಮೆರಿಕದಿಂದ, ಹಡಗಿನಲ್ಲಿ. ಸೋಯಾ ಬೆಳೆಯೋಕೂ ಬ್ರೆಜಿಲ್‌ನ ಸೆರಾಡೊ ಕಾಡು-ಬಯಲು ಕರಗ್ತಾ ಇದೆ.

ಹಾಗಾದ್ರೆ ಡೆನ್ಮಾರ್ಕ್‌ನಲ್ಲೇ ಬೆಳೆಯೋ ಹುಲ್ಲು ಹಾಕಬಾರದಾ? ಹಂದಿ ಮೆಲುಕು ಹಾಕೋ ಪ್ರಾಣಿ ಅಲ್ಲ, ನಾರು ಅಷ್ಟಾಗಿ ಅರಗಲ್ಲ. ಅದಕ್ಕೇ ಅಲ್ಲಿನ ಆರ್ಹುಸ್ ವಿಶ್ವವಿದ್ಯಾಲಯದವರು ಕ್ಲೋವರ್ ಅನ್ನೋ ದ್ವಿದಳ ಮೇವು ಬೆರೆತ ಹಸಿಹುಲ್ಲನ್ನ ಕಬ್ಬಿನ ಥರ ಹಿಂಡ್ತಾರೆ. ಹಸಿರು ರಸ ಕಾಯಿಸಿದರೆ, ಹಾಲು ಒಡೆದ ಹಾಗೆ ಪ್ರೋಟೀನ್ ಗರಣೆ ಕಟ್ಟಿ ಬೇರೆಯಾಗುತ್ತೆ. ಅದು ಒಣಗಿ ಹಂದಿಗೆ, ಸಿಪ್ಪೆ ಹಸುವಿಗೆ.

ಹೊಲಕ್ಕೂ ಲಾಭ ಇದೆ: ಕ್ಲೋವರ್ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತೆ. ಹುಲ್ಲು ವರ್ಷವಿಡೀ ನೆಲ ಮುಚ್ಚಿರೋದರಿಂದ ನೈಟ್ರೇಟ್ ಅಂತರ್ಜಲಕ್ಕೆ ಇಳಿಯೋದೂ ಕಡಿಮೆ.

ಒಣಗಿಸೋಕೆ ಇಂಧನ ಮಾತ್ರ ಬೇಕೇ ಬೇಕು. ಪ್ರೋಟೀನ್ ತೆಗೆದ ಮೇಲೆ ಉಳಿದ ಕಂದು ನೀರು? ಅದು ಬಯೋಗ್ಯಾಸ್ ತೊಟ್ಟಿಗೆ.