ಗುಜರಿ ಫೋರ್ಡಿಗೆ ಮರುಹುಟ್ಟು: ಹಾಟ್ ರಾಡ್ ಕಟ್ಟುವವರ ಹುಚ್ಚು, ಹೆಮ್ಮೆ

ಹಾಲಿವುಡ್ ಸಿನಿಮಾಗಳಲ್ಲಿ ಈ ಕಾರನ್ನು ನೀವು ಒಮ್ಮೆಯಾದರೂ ನೋಡಿರುತ್ತೀರಿ. ಮುಂದಿನ ಚಕ್ರ ಸಣ್ಣದು, ಹಿಂದಿನದು ದಪ್ಪ. ಮಡ್‌ಗಾರ್ಡ್ ಇಲ್ಲ. ಎಂಜಿನ್ನಿನ ಅಕ್ಕಪಕ್ಕ ಮುಚ್ಚುವ ತಗಡೂ ಇಲ್ಲ, ಒಳಗಿನದೆಲ್ಲ ಹೊರಗೇ ಕಾಣುತ್ತದೆ. ಗುಮ್ಮಲು ಹೊರಟ ಟಗರಿನಂತೆ ಮೂತಿ ಕೆಳಗೆ, ಬೆನ್ನು ಮೇಲೆ. ಕಾರು ಕಾಣುವ ಮೊದಲೇ ಸದ್ದು ಕೇಳಿಸುತ್ತದೆ. ಜಾರ್ಜ್ ಲ್ಯೂಕಾಸ್ 1973ರಲ್ಲಿ ತೆಗೆದ 'ಅಮೆರಿಕನ್ ಗ್ರಾಫಿಟಿ' ಚಿತ್ರದ ಹಳದಿ ಫೋರ್ಡ್ ಕೂಪೆ ಈ ಜಾತಿಗೆ ಸೇರಿದ್ದು. ಇದರ ಹೆಸರು ಹಾಟ್ ರಾಡ್.

ಇದನ್ನು ವಿಂಟೇಜ್ ಕಾರಿನ ಜತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ವಿಂಟೇಜ್ ಕಾರಿನ ಮಾಲೀಕನಿಗೆ ಬೇಕಾದದ್ದು ಕಾರ್ಖಾನೆಯಿಂದ ಬಂದ ದಿನ ಕಾರು ಹೇಗಿತ್ತೋ ಹಾಗೇ ಇರುವುದು. ನಟ್ಟು, ಬೋಲ್ಟು, ಸೀಟಿನ ಹೊಲಿಗೆ ಕೂಡ ಅದೇ ಇರಬೇಕು. ಹಾಟ್ ರಾಡ್ ಕಟ್ಟುವವನದು ಇದಕ್ಕೆ ತದ್ವಿರುದ್ಧ. ಕಾರ್ಖಾನೆಯವರು ಕೊಟ್ಟಿದ್ದು ಬರೀ ಕಚ್ಚಾ ಮಾಲು, ಕಾರು ಮಾಡುವುದು ನನ್ನ ಕೆಲಸ ಎನ್ನುವವನು ಅವನು. ಹಳೆಯ ಅಮೆರಿಕನ್ ಕಾರು, ಅದರಲ್ಲೂ ಹೆಚ್ಚಾಗಿ 1948ಕ್ಕಿಂತ ಹಿಂದಿನ ಫೋರ್ಡು ತಂದು, ಬೇಡದ ಭಾರ ಕಿತ್ತು, ದೊಡ್ಡ ಎಂಜಿನ್ ಕೂರಿಸಿ, ತನ್ನ ಮನಸ್ಸಿಗೆ ಒಪ್ಪುವ ಆಕಾರಕ್ಕೆ ತರುತ್ತಾನೆ. 'ಹಾಟ್ ರೋಡ್‌ಸ್ಟರ್' ಎಂಬುದೇ ಕಿರಿದಾಗಿ ಹಾಟ್ ರಾಡ್ ಆಯಿತು ಎನ್ನುವವರು ಹೆಚ್ಚು. ರೋಡ್‌ಸ್ಟರ್ ಎಂದರೆ ಗಟ್ಟಿ ಮಾಡಿಲ್ಲದ, ಇಬ್ಬರು ಕೂರುವ ಕಾರು.

ಬತ್ತಿದ ಕೆರೆಯಂಗಳದಲ್ಲಿ ಹುಟ್ಟಿದ್ದು

ಈ ಹುಚ್ಚು ಹುಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ಕಾರಣ ಎರಡು: ಅಗ್ಗದ ಕಾರು, ಅಗಲವಾದ ಜಾಗ.

ಹೆನ್ರಿ ಫೋರ್ಡ್ 1908ರಿಂದ 1927ರ ತನಕ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿದ್ದರು. ಅದರ ಬೆನ್ನಿಗೆ ಮಾಡೆಲ್ ಎ ಬಂತು. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಇವು ಗುಜರಿ ಅಂಗಳಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಕಿಸೆಯಲ್ಲಿ ದುಡ್ಡಿಲ್ಲದ, ಆದರೆ ಸ್ಪ್ಯಾನರ್ ಹಿಡಿಯಲು ಬರುತ್ತಿದ್ದ ಹುಡುಗರಿಗೆ ಅಷ್ಟು ಸಾಕಾಯಿತು. ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್‌ನಂಥ ಬತ್ತಿದ ಕೆರೆಗಳಿವೆ. ಮಳೆ ನೀರು ನಿಂತು ಆರಿದ ಮೇಲೆ ಅಲ್ಲಿನ ಜೇಡಿಮಣ್ಣು ಸಾರಿಸಿದ ಕಣದಷ್ಟು ಸಪಾಟಾಗುತ್ತದೆ. ಮರ ಇಲ್ಲ, ಮನೆ ಇಲ್ಲ, ಪೊಲೀಸರೂ ಇಲ್ಲ. ಭಾನುವಾರ ಬಂತೆಂದರೆ ಹುಡುಗರು ಅಲ್ಲಿಗೆ ಕಾರು ಓಡಿಸಿಕೊಂಡು ಹೋಗಿ, ಮಡ್‌ಗಾರ್ಡು, ದೀಪ, ಗಾಜು ಬಿಚ್ಚಿಟ್ಟು, ಯಾರ ಕಾರು ಎಷ್ಟು ಓಡುತ್ತದೆ ಎಂದು ನೋಡುತ್ತಿದ್ದರು. ಸಂಜೆ ಎಲ್ಲವನ್ನೂ ಮತ್ತೆ ಜೋಡಿಸಿಕೊಂಡು ಅದೇ ಕಾರಿನಲ್ಲಿ ಮನೆಗೆ. ಸೋಮವಾರ ಅದೇ ಕಾರಿನಲ್ಲಿ ಕೆಲಸಕ್ಕೆ.

1937ರ ಕೊನೆಯಲ್ಲಿ ಅಲ್ಲಿನ ಕ್ಲಬ್ಬುಗಳು ಒಟ್ಟಾಗಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಮಾಡಿಕೊಂಡವು. ವೇಗ ಅಳೆಯಲು ಯಂತ್ರ, ಓಡಿಸಲು ನಿಯಮ ಬಂದವು. ಈ ಗಂಡಸರ ಗುಂಪಿನಲ್ಲಿ ತಾನೂ ಕಾರೋಡಿಸಿ ಸೈ ಎನಿಸಿಕೊಂಡ ಹೆಣ್ಣುಮಗಳೊಬ್ಬಳಿದ್ದಳು, ವೇಡಾ ಆರ್. ಎರಡನೇ ಮಹಾಯುದ್ಧದಲ್ಲಿ ಹುಡುಗರೆಲ್ಲ ಸೈನ್ಯಕ್ಕೆ ಹೋದಾಗ ಅಸೋಸಿಯೇಷನ್ನಿನ ಸುದ್ದಿಪತ್ರವನ್ನು ನಿಲ್ಲದಂತೆ ನಡೆಸಿ, ಯುದ್ಧಭೂಮಿಯಲ್ಲಿದ್ದ ಸದಸ್ಯರಿಗೆ ಕಳಿಸುತ್ತಿದ್ದವಳು ಆಕೆ. ಊರಿಂದ ದೂರ ಇರುವವರಿಗೆ ಊರಿನ ಸುದ್ದಿಯ ಒಂದು ಹಾಳೆ ಎಂದರೆ ಏನು ಎಂಬುದು ಮುಂಬೈ, ದೆಹಲಿಯಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಯುದ್ಧ ಮುಗಿಸಿ ಬಂದವರು ಲೋಹ ಬೆಸೆಯುವುದನ್ನು, ಎಂಜಿನ್ ಬಿಚ್ಚುವುದನ್ನು ಚೆನ್ನಾಗಿ ಕಲಿತು ಬಂದಿದ್ದರು. ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಗೆ ತಗಲಿಸುವ ಹೆಚ್ಚುವರಿ ಪೆಟ್ರೋಲ್ ಟ್ಯಾಂಕನ್ನು ಮಿಲಿಟರಿ ಗುಜರಿಯಿಂದ ತಂದು, ಅದಕ್ಕೆ ಚಕ್ರ ಕಟ್ಟಿ ರೇಸ್ ಕಾರು ಮಾಡಿದ! ನೀರಿನ ಹನಿಯ ಆಕಾರದ ಆ ಟ್ಯಾಂಕ್ ಗಾಳಿಯನ್ನು ಸೀಳಲು ಹೇಳಿ ಮಾಡಿಸಿದಂತಿತ್ತು. ಮ್ಯೂರಾಕ್ ಅಷ್ಟರಲ್ಲಿ ವಾಯುಪಡೆಯ ಪಾಲಾಗಿತ್ತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ. 1949ರಲ್ಲಿ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ವೇಗದ ವಾರ ಶುರುವಾಯಿತು. ಅದು ಈಗಲೂ ನಡೆಯುತ್ತಿದೆ. ಆದರೆ ಉಪ್ಪಿನ ಪದರ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ನೆಲದ ಸ್ಥಿತಿ ಕೆಟ್ಟಿದ್ದರಿಂದ 2015ರಲ್ಲಿ, ನೀರು ನಿಂತಿದ್ದರಿಂದ 2014, 2022ರಲ್ಲಿ ವೇಗದ ವಾರವನ್ನೇ ಕೈಬಿಡಬೇಕಾಯಿತು.

1932ರ ಫೋರ್ಡ್ ಎಂದರೆ ಯಾಕಿಷ್ಟು ಮೋಹ?

ಹಾಟ್ ರಾಡ್ ಮಂದಿಯ ಎದುರು 'ಡ್ಯೂಸ್' ಎಂದು ನೋಡಿ, ಮುಖ ಅರಳುತ್ತದೆ. ಡ್ಯೂಸ್ ಎಂದರೆ ಎರಡು, ಅಂದರೆ 1932ರ ಫೋರ್ಡ್. ಸಾಮಾನ್ಯ ಜನ ಕೊಳ್ಳುವ ಬೆಲೆಗೆ ವಿ8 ಎಂಜಿನ್ ಸಿಕ್ಕಿದ್ದು ಈ ಕಾರಿನಲ್ಲೇ ಮೊದಲು. ಬೆಲೆ 500 ಡಾಲರಿನ ಆಸುಪಾಸು, ಶಕ್ತಿ 65 ಅಶ್ವಶಕ್ತಿ. ಹಿಂದಿನ ಮಾಡೆಲ್ ಎ ಕಾರಿನದು ಬರೀ 40. ಜತೆಗೆ ಚಾಸಿ ಗಟ್ಟಿ, ಮುಂಭಾಗದ ಗ್ರಿಲ್ ಚೆಂದ. ಅಮೆರಿಕದ ಅಂಚೆ ಇಲಾಖೆ 2014ರಲ್ಲಿ ಹಾಟ್ ರಾಡ್ ಅಂಚೆಚೀಟಿ ತಂದಾಗ ಅದರಲ್ಲಿದ್ದದ್ದೂ 1932ರ ಫೋರ್ಡೇ.

ಆ ಎಂಜಿನ್ನಿಗೆ 'ಫ್ಲಾಟ್‌ಹೆಡ್' ಎನ್ನುತ್ತಾರೆ. ಇಂದಿನ ಎಂಜಿನ್ನುಗಳಲ್ಲಿ ವಾಲ್ವುಗಳು ಸಿಲಿಂಡರಿನ ನೆತ್ತಿಯ ಮೇಲಿರುತ್ತವೆ. ಫ್ಲಾಟ್‌ಹೆಡ್‌ನಲ್ಲಿ ಅವು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಇವೆ. ತಲೆಭಾಗ ಬರೀ ಚಪ್ಪಟೆ ಮುಚ್ಚಳ. ಮಾಡಲು ಸುಲಭ, ಬಿಚ್ಚಲು ಇನ್ನೂ ಸುಲಭ. ಆದರೆ ಸುಟ್ಟ ಬಿಸಿ ಹೊಗೆ ಹೊರಹೋಗುವ ದಾರಿಯೂ ಬ್ಲಾಕಿನ ಮೂಲಕವೇ ಹಾದುಹೋಗುತ್ತದೆ. ಹಾಗಾಗಿ ಈ ಎಂಜಿನ್ ಬೇಗ ಕುದಿಯುತ್ತದೆ. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ರೇಡಿಯೇಟರ್ ಟೀ ಕೆಟಲ್ ಆಗುವುದು ಇದರ ಹುಟ್ಟುಗುಣ.

ಇದರಿಂದ ಹೆಚ್ಚು ಶಕ್ತಿ ಹಿಂಡುವುದು ಹೇಗೆ? ಎಂಜಿನ್ ಎಂದರೆ ಒಂದು ಉಸಿರಾಟದ ಯಂತ್ರ. ಹೆಚ್ಚು ಗಾಳಿ, ಪೆಟ್ರೋಲ್ ಒಳಗೆ ಹೋಗಬೇಕು, ಹೊಗೆ ಬೇಗ ಹೊರಗೆ ಬರಬೇಕು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡೋ ಮೂರೋ ಕೂರಿಸಿದರು. ಅದಕ್ಕೆ ಬೇಕಾದ ಮ್ಯಾನಿಫೋಲ್ಡನ್ನು ವಿಕ್ ಎಡೆಲ್‌ಬ್ರಾಕ್ ಎಂಬ ಮೆಕ್ಯಾನಿಕ್ ತಾನೇ ಎರಕ ಹೊಯ್ದು ಮಾರತೊಡಗಿದ. ಆ ಹೆಸರಿನ ಬಿಡಿಭಾಗಗಳು ಈಗಲೂ ಪೇಟೆಯಲ್ಲಿವೆ. ಸಿಲಿಂಡರ್ ಕೊರೆದು ಅಗಲ ಮಾಡಿದರು. 1949ರಲ್ಲಿ ಬಂದ ಮರ್ಕ್ಯುರಿ ಕಾರಿನ ಕ್ರ್ಯಾಂಕ್ ಫೋರ್ಡಿನ ಬ್ಲಾಕಿಗೂ ಹೊಂದುತ್ತದೆ ಎಂದು ಗೊತ್ತಾದದ್ದೇ ತಡ, ಅದಕ್ಕೆ ಮುಗಿಬಿದ್ದರು. ಅದನ್ನು ಹಾಕಿದರೆ ಪಿಸ್ಟನ್ನಿನ ಓಡಾಟ ಮೂರೂಮುಕ್ಕಾಲು ಇಂಚಿನಿಂದ ನಾಲ್ಕು ಇಂಚಿಗೆ ಏರುತ್ತದೆ.

ಕ್ಯಾಮ್‌ಶಾಫ್ಟ್ ಕಥೆ ಇನ್ನೂ ಸ್ವಾರಸ್ಯ. ವಾಲ್ವನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು ಎಂದು ತೀರ್ಮಾನಿಸುವುದು ಅದೇ. ಹೆಚ್ಚು ಹೊತ್ತು ತೆರೆದಿಡುವಂತೆ ಅದನ್ನು ಅರೆದು ರೂಪಿಸಿದರೆ ಎಂಜಿನ್ ಜೋರಾಗಿ ತಿರುಗುವಾಗ ಚೆನ್ನಾಗಿ ಉಸಿರಾಡುತ್ತದೆ, ಆದರೆ ನಿಂತಾಗ ತಡವರಿಸುತ್ತದೆ. ಹಾಟ್ ರಾಡ್ ನಿಂತಲ್ಲೇ 'ಗುಡ್... ಗುಡ್‌ಗುಡ್...' ಎಂದು ತಾಳ ತಪ್ಪಿದ ತಮಟೆಯಂತೆ ನಡುಗುವುದು ಇದಕ್ಕೇ. ಲೆಕ್ಕಕ್ಕೆ ನೋಡಿದರೆ ಅದು ಎಂಜಿನ್ನಿನ ಕೊರತೆ. ಕಟ್ಟಿದವನ ಕಿವಿಗೆ ಅದೇ ಸಂಗೀತ.

1955ರಲ್ಲಿ ಷೆವರ್ಲೆ ಕಂಪನಿ ಸಣ್ಣ, ಹಗುರ, ವಾಲ್ವು ತಲೆಯ ಮೇಲಿರುವ ವಿ8 ತಂದಾಗ ಫ್ಲಾಟ್‌ಹೆಡ್ ಯುಗ ಮುಗಿಯಿತು. ಏನನ್ನೂ ಮಾಡದೆ ಅದು 162 ಅಶ್ವಶಕ್ತಿ ಕೊಡುತ್ತಿತ್ತು. ಫೋರ್ಡಿನೊಳಗೆ ಷೆವರ್ಲೆ ಎಂಜಿನ್ ಹಾಕುವುದು ಧರ್ಮಸಮ್ಮತವೇ ಎಂಬ ಜಗಳ ಅಂದಿನಿಂದ ಇಂದಿನ ತನಕ ಬಗೆಹರಿದಿಲ್ಲ.

ತಗಡಿನ ಜತೆ ಗುದ್ದಾಟ

ಎಂಜಿನ್ ಕೆಲಸ ಪುಸ್ತಕ ಓದಿ ಕಲಿಯಬಹುದು. ಬಾಡಿ ಕೆಲಸ ಕೈಗೇ ಬರಬೇಕು. ಉದಾಹರಣೆಗೆ, ಮಾಡು ತಗ್ಗಿಸುವ 'ಚಾಪಿಂಗ್'. ಕಿಟಕಿಯ ಕಂಬಗಳನ್ನು ಎರಡು ಮೂರು ಇಂಚು ಕತ್ತರಿಸಿ ತೆಗೆದು, ಮಾಡನ್ನು ಕೆಳಗಿಳಿಸಿ ಮತ್ತೆ ಬೆಸೆಯುವುದು. ಕೇಳಲು ಸುಲಭ. ಆದರೆ ಕಂಬಗಳು ಓರೆಯಾಗಿರುತ್ತವಲ್ಲ! ಕತ್ತರಿಸಿ ಕೆಳಗಿಳಿಸಿದರೆ ಮೇಲಿನ ತುದಿ, ಕೆಳಗಿನ ತುದಿ ಒಂದಕ್ಕೊಂದು ಕೂಡುವುದಿಲ್ಲ. ಆಗ ಮಾಡನ್ನೇ ಅಡ್ಡಕ್ಕೆ ಸೀಳಿ, ನಡುವೆ ತಗಡು ಸೇರಿಸಿ ಉದ್ದ ಮಾಡಬೇಕು. ಬೆಸೆಯುವಾಗ ಬಿಸಿ ಹೆಚ್ಚಾದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆಮೇಲೆ ಬಾಗಿಲು, ಗಾಜು ಎಲ್ಲವನ್ನೂ ಹೊಸ ಅಳತೆಗೆ ಹೊಂದಿಸಬೇಕು. ಒಂದು ಕಡೆ ಅರ್ಧ ಸೆಂಟಿಮೀಟರ್ ತಪ್ಪಿದರೂ ನೋಡುವವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

ಮುಂದಿನ ಆಕ್ಸಲ್ ಬಗ್ಗಿಸಿ ಮೂತಿ ತಗ್ಗಿಸುವುದು, ಹಿಂದೆ ಎತ್ತರದ ಟೈರು ಹಾಕುವುದು ಬರೀ ಶೋಕಿಗಲ್ಲ. ಹಿಂದಿನ ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಎಂಜಿನ್ ಅಷ್ಟೇ ತಿರುಗಿದರೂ ವೇಗ ಹೆಚ್ಚು. 1939ರ ನಂತರದ ಫೋರ್ಡಿನಿಂದ ಹೈಡ್ರಾಲಿಕ್ ಬ್ರೇಕ್ ಕಿತ್ತು ತಂದು ಹಾಕುವುದಂತೂ ಜಾಣತನ. ಮೊದಲಿನ ಕಾರುಗಳಲ್ಲಿ ಇದ್ದದ್ದು ಸರಳಿನಿಂದ ಎಳೆಯುವ ಬ್ರೇಕು. 65 ಅಶ್ವಶಕ್ತಿಯನ್ನು 150 ಮಾಡಿ ಬ್ರೇಕನ್ನು ಹಾಗೇ ಬಿಟ್ಟವರ ಕಥೆ ಚೆನ್ನಾಗಿ ಮುಗಿಯುತ್ತಿರಲಿಲ್ಲ.

ಎಲ್ಲ ಜೋಡಿಸಿ ಆಯಿತು ಎಂದುಕೊಳ್ಳಿ. ಆಮೇಲೆ? ಮತ್ತೆ ಪೂರ್ತಿ ಬಿಚ್ಚಬೇಕು! ಮೊದಲ ಜೋಡಣೆ ಎಲ್ಲವೂ ಹೊಂದುತ್ತದೆಯೇ ಎಂದು ನೋಡಲಿಕ್ಕೆ. ಬಿಚ್ಚಿದ ಮೇಲೆ ಬಣ್ಣ, ಬಣ್ಣ ಆರಿದ ಮೇಲೆ ಎರಡನೇ ಜೋಡಣೆ. ಎಷ್ಟೋ ಕಾರುಗಳು ಈ ನಡುವಿನ ಹಂತದಲ್ಲೇ ಡಬ್ಬಗಳಲ್ಲಿ ತುಂಬಿಕೊಂಡು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಮಲಗಿಬಿಡುತ್ತವೆ. ದುಡ್ಡು ಮುಗಿಯುತ್ತದೆ, ಮಕ್ಕಳ ಕಾಲೇಜು ಬರುತ್ತದೆ, ಮೊಣಕಾಲು ನೋಯುತ್ತದೆ. ಅದನ್ನು ದಾಟಿ ಬೀದಿಗಿಳಿದ ಕಾರಿನ ಒಡೆಯ ಎದೆಯುಬ್ಬಿಸಿ ನಿಂತರೆ ಅದರಲ್ಲಿ ತಪ್ಪೇನಿದೆ?

'ಇದನ್ನು ನೀವೇ ಮಾಡಿದ್ದಾ?' ಈ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಲಕ್ಷಗಟ್ಟಲೆ ಡಾಲರ್ ಕೊಟ್ಟು ಬೇರೆಯವರಿಂದ ಮಾಡಿಸಿದವನಿಗೆ ಬಹುಮಾನ ಸಿಗಬಹುದು, ಮರ್ಯಾದೆ ಸಿಗುವುದು ಕಷ್ಟ. ಇನ್ನೊಂದು ತಕರಾರು ತಗಡಿನದು. 1932ರ ಅಸಲಿ ಬಾಡಿಗಳು ಈಗ ದುಬಾರಿ, ಅಪರೂಪ. ಹಾಗಾಗಿ ಹೊಸದಾಗಿ ಅಚ್ಚೊತ್ತಿದ ಉಕ್ಕಿನ ಬಾಡಿಗಳು, ಫೈಬರ್ ಬಾಡಿಗಳು ಬಂದಿವೆ. ಅಸಲಿ ತಗಡು ಇದ್ದವನು ಅದನ್ನು ಹೇಳದೆ ಮಾತು ಮುಗಿಸುವುದಿಲ್ಲ. ನನ್ನ ಪ್ರಕಾರ ತಗಡು ಯಾವುದಾದರೂ ಇರಲಿ, ಕಾರು ರಸ್ತೆಯಲ್ಲಿ ಓಡಬೇಕು. ಟ್ರೇಲರಿನಲ್ಲಿ ಏರಿ ಬಂದು, ಪ್ರದರ್ಶನದಲ್ಲಿ ಕನ್ನಡಿಯ ಮೇಲೆ ನಿಂತು, ಮತ್ತೆ ಟ್ರೇಲರ್ ಏರಿ ಹೋಗುವ ಕಾರು ಷೋಕೇಸಿನ ಗೊಂಬೆ.

ಓಡಿಸುವುದು ಆರಾಮದ ಕೆಲಸವಲ್ಲ. ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಎಂಜಿನ್ನಿನ ಬಿಸಿ ಪಾದಕ್ಕೆ, ಬಿಸಿಲು ನೆತ್ತಿಗೆ. ಮಡ್‌ಗಾರ್ಡ್ ಇಲ್ಲದ ಕಾರಣ ಮಳೆ ಬಂದರೆ ಮುಂದಿನ ಚಕ್ರ ಎರಚುವ ನೀರು ಮುಖಕ್ಕೆ. ಆದರೂ ಆ ಸೀಟಿನಲ್ಲಿ ಕೂತವನು ನಗುತ್ತಲೇ ಇರುತ್ತಾನೆ. ಯಾವ ಸದ್ದು ಯಾವ ಬೋಲ್ಟಿನಿಂದ ಬರುತ್ತಿದೆ ಎಂದು ಅವನಿಗೆ ಗೊತ್ತು, ಯಾಕೆಂದರೆ ಅದನ್ನು ಬಿಗಿದವನು ಅವನೇ.

ಪೋಲಿ ಪಟ್ಟದಿಂದ ಪ್ರತಿಷ್ಠೆಗೆ

1940ರ ದಶಕದಲ್ಲಿ ಹಾಟ್ ರಾಡ್ ಎಂದರೆ ಬೈಗುಳ. ಬೀದಿ ರೇಸಿನಲ್ಲಿ ಹುಡುಗರು ಸಾಯುತ್ತಿದ್ದರು, ದಾರಿಹೋಕರನ್ನೂ ಸಾಯಿಸುತ್ತಿದ್ದರು. ಪತ್ರಿಕೆಗಳು ಉಗಿಯುತ್ತಿದ್ದವು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಶುರುಮಾಡಿದ 'ಹಾಟ್ ರಾಡ್' ಪತ್ರಿಕೆ, ಅದರ ಸಂಪಾದಕ ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಚಿತ್ರವನ್ನು ಬದಲಿಸಿದವು. ರೇಸ್ ಬೇಕಾದರೆ ಬೀದಿ ಬಿಟ್ಟು ಬನ್ನಿ, ಬ್ರೇಕು, ಬೆಲ್ಟು ತೋರಿಸಿ, ಆಮೇಲೆ ಓಡಿಸಿ ಎಂಬುದು ಪಾರ್ಕ್ಸ್ ದಾರಿ. 1953ರಲ್ಲಿ ಪೊಮೋನಾದಲ್ಲಿ ಮೊದಲ ಅಧಿಕೃತ ಸ್ಪರ್ಧೆ ನಡೆದಾಗ ಸ್ಥಳೀಯ ಪೊಲೀಸರೇ ಬೆಂಬಲಕ್ಕೆ ನಿಂತಿದ್ದರು. 1997ರಲ್ಲಿ ಪೆಬಲ್ ಬೀಚ್‌ನ ಶ್ರೀಮಂತ ಕಾರು ಪ್ರದರ್ಶನ ಮೊದಲ ಬಾರಿ ಹಾಟ್ ರಾಡ್‌ಗೆ ಬಾಗಿಲು ತೆರೆಯಿತು. ಡೋನ್ ಸ್ಪೆನ್ಸರ್ ಎಂಬ ಹುಡುಗ ದಶಕಗಳ ಹಿಂದೆ ಕಟ್ಟಿದ್ದ 1932ರ ರೋಡ್‌ಸ್ಟರ್ ಅಲ್ಲಿ ಗೆದ್ದಿತು.

ನಮ್ಮಲ್ಲಿ ಸಾಧ್ಯವೇ?

ಓದುತ್ತಾ ಅಜ್ಜನ ಮನೆಯ ಶೆಡ್ಡಿನಲ್ಲಿರುವ ಹಳೇ ಅಂಬಾಸಿಡರ್ ನೆನಪಾಗಿದ್ದರೆ ಸ್ವಲ್ಪ ತಡೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣ, ಸಣ್ಣಪುಟ್ಟ ಫಿಟ್ಟಿಂಗ್‌ಗಳಿಗೆ ಅಡ್ಡಿಯಿಲ್ಲ, ಚಾಸಿ, ಬಾಡಿಗೆ ಕೈ ಹಾಕುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಕಾರುಗಳಿಗೆ ಬೇರೆಯೇ ನೋಂದಣಿ ಕೊಡುತ್ತದೆ ನಿಜ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಅಂದರೆ ಹಾಟ್ ರಾಡ್‌ಗೆ ಅಲ್ಲೂ ಜಾಗವಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಎಲ್ಲ ಸಲೀಸಲ್ಲ. ಮನೆಯಲ್ಲಿ ಕಟ್ಟಿದ ಕಾರಿಗೆ ಅದು ಯಾವ ವರ್ಷದ ಮಾದರಿಯಂತಿದೆಯೋ ಆ ವರ್ಷದ ಹೊಗೆ ನಿಯಮ ಅನ್ವಯಿಸುವ ವಿನಾಯಿತಿ ಇದೆ, ಆದರೆ ಅದು ವರ್ಷಕ್ಕೆ 500 ಕಾರುಗಳಿಗೆ ಮಾತ್ರ. ಮೊದಲು ಬಂದವರಿಗೆ ಮೊದಲ ಆದ್ಯತೆ. ಹಾಗಾಗಿ ಹೊಸ ವರ್ಷದ ಮೊದಲ ಕೆಲಸದ ದಿನ ಅಲ್ಲಿನ ಸಾರಿಗೆ ಕಚೇರಿ ಮುಂದೆ ಜನ ಸಾಲುಗಟ್ಟುತ್ತಾರೆ.

ಮಗನೋ ಮಗಳೋ ಲಾಸ್ ಏಂಜಲೀಸ್ ಕಡೆ ಇದ್ದು ನೀವು ಅಲ್ಲಿಗೆ ಹೋಗುವುದಿದ್ದರೆ ಒಂದು ದಿನ ಇದಕ್ಕೆ ಇಡಿ. ನಗರದ ವಿಲ್‌ಶೈರ್ ರಸ್ತೆಯಲ್ಲಿ ಪೀಟರ್ಸನ್ ಕಾರು ಮ್ಯೂಸಿಯಂ ಇದೆ, ಪೊಮೋನಾದಲ್ಲಿ ವಾಲಿ ಪಾರ್ಕ್ಸ್ ಹೆಸರಿನ ಮ್ಯೂಸಿಯಂ ಇದೆ. ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಷೋ ಕೂಡ ಚಳಿಗಾಲದಲ್ಲಿ ಪೊಮೋನಾದಲ್ಲೇ ನಡೆಯುತ್ತದೆ. 1950ರಿಂದ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಪ್ರಶಸ್ತಿ ಕೊಡುತ್ತಾ ಬಂದಿರುವುದು ಅದೇ. ಕಾರಿನ ಬಣ್ಣಕ್ಕೆ ಮಾತ್ರ ಕೈ ತಾಗಿಸಬೇಡಿ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವ ಯಜಮಾನರನ್ನು 'ಎಂಜಿನ್ ಯಾವುದು?' ಎಂದು ಕೇಳಿ. ಕೇಳುವ ಮೊದಲು ಅರ್ಧ ಗಂಟೆ ಬಿಡುವು ಇದೆಯೇ ನೋಡಿಕೊಳ್ಳಿ.