ತರಬೇತಿಗೆ ಮರಳುವ ವೈದ್ಯರಿಗೆ ಆಸರೆ

ವೈದ್ಯವಿದ್ಯೆಯು ಅಭ್ಯಾಸಬಲದಿಂದ ನಿಲ್ಲುವ ವಿದ್ಯೆ. ಓದಿದ ತತ್ತ್ವಗಳು ಬಹುಕಾಲ ನೆನಪಿನಲ್ಲಿ ಉಳಿದರೂ, ಕೈಗೆ ಕೂಡಿಬಂದ ಕೌಶಲವು ಬಳಕೆ ತಪ್ಪಿದಂತೆ ಮಸುಕಾಗತೊಡಗುತ್ತದೆ. ಹೆರಿಗೆ, ಸ್ವಂತ ಅನಾರೋಗ್ಯ, ವೃದ್ಧ ತಂದೆತಾಯಿಗಳ ಆರೈಕೆ, ಸಂಶೋಧನೆ ಮೊದಲಾದ ನ್ಯಾಯವಾದ ಕಾರಣಗಳಿಂದಲೇ ತರುಣ ವೈದ್ಯರು ತಿಂಗಳುಗಟ್ಟಲೆ ತರಬೇತಿಯಿಂದ ದೂರವಿರಬೇಕಾಗುತ್ತದೆ. ಅಂಥವರು ಮರಳಿ ಬಂದ ಮೊದಲ ರಾತ್ರಿಯೇ ಒಬ್ಬಂಟಿಯಾಗಿ ವಾರ್ಡಿನ ಹೊಣೆಯನ್ನು ಹೊರಬೇಕಾಗಿ ಬಂದರೆ, ರೋಗಿಯ ಕ್ಷೇಮಕ್ಕೂ ವೈದ್ಯರ ಆತ್ಮವಿಶ್ವಾಸಕ್ಕೂ ಒಟ್ಟಿಗೇ ಧಕ್ಕೆ ತಗಲುವ ಸಂಭವವುಂಟು.

ಈ ಸಮಸ್ಯೆಗೆ ಇಂಗ್ಲೆಂಡು ಕಂಡುಕೊಂಡ ಪರಿಹಾರವು ವಿಚಾರಾರ್ಹವಾಗಿದೆ. ಅಲ್ಲಿನ ಕಿರಿಯ ವೈದ್ಯರು ೨೦೧೬ರಲ್ಲಿ ಹೊಸ ಕರಾರನ್ನು ವಿರೋಧಿಸಿ ಮುಷ್ಕರ ಹೂಡಿದರು. ಆಗ ನಡೆದ ಸಂಧಾನದಲ್ಲಿ, ಬಿಡುವಿನ ನಂತರ ತರಬೇತಿಗೆ ಮರಳುವವರ ಪ್ರಶ್ನೆಯೂ ಚರ್ಚೆಗೆ ಬಂದಿತು. ವೈದ್ಯಶಿಕ್ಷಣದ ಹೊಣೆ ಹೊತ್ತಿದ್ದ ಹೆಲ್ತ್ ಎಜುಕೇಶನ್ ಇಂಗ್ಲೆಂಡ್ ಸಂಸ್ಥೆಯು ೨೦೧೭ರಲ್ಲಿ ಇದಕ್ಕೆಂದೇ ಒಂದು ಯೋಜನೆಯನ್ನು ಪ್ರಕಟಿಸಿತು. ಆ ಸಂಸ್ಥೆಯು ೨೦೨೩ರ ಏಪ್ರಿಲಿನಲ್ಲಿ ಎನ್.ಎಚ್.ಎಸ್. ಇಂಗ್ಲೆಂಡಿನಲ್ಲಿ ವಿಲೀನವಾಯಿತು.

ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದೂರವಿದ್ದವರಿಗೆ ಈ ಯೋಜನೆಯು ಅನ್ವಯಿಸುತ್ತದೆ. ಹೊರಡುವ ಮುನ್ನ ಒಮ್ಮೆ, ಮರಳುವ ಮುನ್ನ ಒಮ್ಮೆ, ಮರಳಿದ ಮೇಲೆ ಮತ್ತೊಮ್ಮೆ ಮೇಲ್ವಿಚಾರಕರೊಡನೆ ಸಮಾಲೋಚನೆ ನಡೆಯುತ್ತದೆ. ಹೆರಿಗೆ ರಜೆಯಲ್ಲಿರುವವರು, ರಜೆಗೆ ಭಂಗ ಬಾರದಂತೆ, ಹತ್ತು ದಿನಗಳವರೆಗೆ ಕೆಲಸದ ಸಂಪರ್ಕವನ್ನಿಟ್ಟುಕೊಳ್ಳಲು ಕಾನೂನು ಅವಕಾಶವಿತ್ತಿದೆ. ಮರಳಿದ ಆರಂಭದಲ್ಲಿ, ಅಗತ್ಯವಿದ್ದವರು ಪಾಳಿಯ ಲೆಕ್ಕಕ್ಕೆ ಸೇರದೆ, ಹಿರಿಯರ ಹತ್ತಿರದ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬಹುದು. ಮಾದರಿ ಶರೀರಗಳ ಮೇಲೆ ತುರ್ತು ಚಿಕಿತ್ಸೆಯನ್ನು ಪುನಃ ಅಭ್ಯಸಿಸುವ ಶಿಬಿರಗಳೂ ಉಂಟು.

ಇದು ದುಬಾರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಹಿರಿಯರ ವೇಳೆಗೂ, ಲೆಕ್ಕಕ್ಕೆ ಸೇರದ ದಿನಗಳ ಸಂಬಳಕ್ಕೂ ಹಣ ಬೇಕೆಂಬುದು ನಿಜ. ಆದರೆ ಹಲವು ವರ್ಷಗಳ ಶ್ರಮದಿಂದ ರೂಪುಗೊಂಡ ವೈದ್ಯರೊಬ್ಬರು ಅಳುಕಿನಿಂದ ವೃತ್ತಿಯನ್ನೇ ತೊರೆದರೆ ಸಮಾಜಕ್ಕಾಗುವ ನಷ್ಟವು ಅದಕ್ಕಿಂತ ಹಿರಿದು.

ನಮ್ಮ ದೇಶದಲ್ಲಿ ೨೦೧೭ರ ಕಾನೂನು ತಿದ್ದುಪಡಿಯು ಮೊದಲೆರಡು ಮಕ್ಕಳ ಹೆರಿಗೆಗೆ ಸವೇತನ ರಜೆಯನ್ನು ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ರಜೆಯು ಹೋಗಲು ಬಾಗಿಲು ತೆರೆದಂತೆ. ಮರಳಿ ಬರುವ ದಾರಿಯನ್ನು ಬೇರೆಯಾಗಿಯೇ ಕಟ್ಟಬೇಕು. ಬೋಧಕ ಆಸ್ಪತ್ರೆಗಳನ್ನು ನಡೆಸುವವರೂ, ಅವುಗಳಿಗೆ ಉದಾರವಾಗಿ ನೆರವೀಯುವ ಮಹನೀಯರೂ ಕಟ್ಟಡ, ಯಂತ್ರಗಳೊಡನೆ ಈ ದಾರಿಗೂ ಒಂದಿಷ್ಟು ಧನವನ್ನು ಮೀಸಲಿಡುವುದು ಉಚಿತ. ದೀರ್ಘ ಗೈರುಹಾಜರಿಯ ನಂತರ ತರಗತಿಗೆ ಬಂದ ವಿದ್ಯಾರ್ಥಿಯನ್ನು ಬಳಿಗೆ ಕರೆದು, ತಪ್ಪಿಹೋದ ಪಾಠವನ್ನು ಹೇಳಿಕೊಡುವ ಶಿಕ್ಷಕರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.